ತೊಂಬತ್ತೇಳನೆಯ ದಿನ

ಸಂಜೆ ಐದೂವರೆಗೆ ಇನ್ನೂ ಒಂಬತ್ತೂವರೆ ಗಂಟೆ ಇತ್ತು. ಅಲ್ಲಿಯವರೆಗೆ ಏನನ್ನೂ ಮಾಡದಿದ್ದರೆ ಸಾಕು. ವೆಂಕೋಬ ಈ ಲೆಕ್ಕವನ್ನು ಹಾಸಿಗೆಯಲ್ಲಿ ಮಲಗಿಯೇ ಒಮ್ಮೆ ಹಾಕಿದ. ಹಿತ್ತಲ ನಲ್ಲಿಯ ಮುಂದೆ ಹಲ್ಲುಜ್ಜುತ್ತ ಮತ್ತೊಮ್ಮೆ ಹಾಕಿದಾಗ ಒಂಬತ್ತು ಗಂಟೆ ಹತ್ತು ನಿಮಿಷ ಬಂತು. ಕೈಯಾರೆ ಮಾಡಿದ ತಪ್ಪಿಗೆ ಸಾಕ್ಷಿ ಉಳಿಯುತ್ತದೆ, ಕೈಕಟ್ಟಿ ಕುಳಿತದ್ದಕ್ಕೆ ಸಾಕ್ಷಿ ಇರುವುದಿಲ್ಲ ಎಂಬ ಮಾತು ಮನಸ್ಸಿಗೆ ಬಂತು. ಅದು ಸಮಾಧಾನದ ಮಾತೋ ಆರೋಪದ ಮಾತೋ ಗೊತ್ತಾಗದೆ ಬಾಯಿ ಮುಕ್ಕಳಿಸಿ ಉಗಿದ. ಒಳಗೆ ಬಂದು ಫೋನು ನೋಡಿದ. ಏಳು ದಿನಗಳ ಹಿಂದೆ ಬಂದಿದ್ದ ಎಚ್ಚರಿಕೆ ಹಾಗೆಯೇ ಇತ್ತು: ಪಲ್ಲವಿ ಹುಸೇನಪ್ಪ ಕಳುಹಿಸಿರುವ ತಿದ್ದುಪಡಿಯನ್ನು ತೊಂಬತ್ತು ದಿನಗಳಿಂದ ಯಾರೂ ಮುಟ್ಟಿಲ್ಲ, ತೊಂಬತ್ತೇಳನೆಯ ದಿನ ಸಂಜೆ ಐದೂವರೆಗೆ ಅದನ್ನು ಮುಚ್ಚಲಾಗುವುದು. ಬರೆದದ್ದು ಮನುಷ್ಯನಲ್ಲ, ಯಂತ್ರ. ದಿನ ಎಣಿಸುವುದೊಂದೇ ಅದಕ್ಕೆ ಗೊತ್ತಿದ್ದ ವಿದ್ಯೆ; ಆ ವಿದ್ಯೆಯಲ್ಲಿ ಅದು ತಪ್ಪುತ್ತಿರಲಿಲ್ಲ.

ಆ ತಿದ್ದುಪಡಿ ಸೇರಬೇಕಾಗಿದ್ದದ್ದು ಒಂದು ಪಂಚಾಂಗದ ತಂತ್ರಾಂಶಕ್ಕೆ. ಯಾರದೂ ಅಲ್ಲದ, ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ ಅದು; ಸಂಬಳವಿಲ್ಲದ ಜನ ಬಿಡುವಿನಲ್ಲಿ ಬರೆದು ಬೆಳೆಸಿದ್ದು. ತಪ್ಪು ಕಂಡವರು ತಿದ್ದಿ ಕಳುಹಿಸಬಹುದು. ಆದರೆ ತನ್ನದನ್ನು ತಾನೇ ಒಪ್ಪಿಕೊಳ್ಳುವಂತಿಲ್ಲ. ಇನ್ನೊಬ್ಬರು ಸಾಲುಸಾಲಾಗಿ ನೋಡಿ ಒಪ್ಪಿದರೆ ಮಾತ್ರ ಅದು ಒಳಗೆ ಹೋಗುತ್ತದೆ. ಹಾಗೆ ನೋಡುವವರೂ, ಮೊದಲು ತಮ್ಮದೊಂದು ತಿದ್ದುಪಡಿಯಾದರೂ ಒಪ್ಪಿತವಾದವರೇ ಆಗಿರಬೇಕು. ಒಪ್ಪುವಾಗ ಅಡ್ಡಹೆಸರು ನಡೆಯುವುದಿಲ್ಲ. ಪೂರ್ಣ ಹೆಸರು ಮತ್ತು ಊರು ಬರೆಯಬೇಕು. ಊರಿಂದೂರಿಗೆ ಸೂರ್ಯೋದಯ ಬೇರೆ, ಆಚರಣೆ ಬೇರೆ. ಯಾವ ಊರಿನ ಯಾರು ಹೊಣೆ ಎಂದು ಮುಂದೆ ತಿಳಿಯಬೇಕಲ್ಲ. ನಿಯಮಗಳು ಇಷ್ಟೇ. ವೆಂಕೋಬನಿಗೆ ಅವು ಇಷ್ಟವಾಗಿದ್ದವು. ಸಂಡೂರಿನ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಸರ್ವೇ ಮಾಡಿದ, ಮದುವೆಯಾಗದ, ನಲವತ್ತಾರರ ಮನುಷ್ಯನಿಗೆ ನಾಲ್ಕು ನಿಯಮಗಳಿರುವ ಜಾಗ ನಾಲ್ಕು ಗೋಡೆಗಳಿರುವ ಕೋಣೆಯ ಹಾಗೆ ಕಾಣುತ್ತಿತ್ತು. ಅಲ್ಲಿ ಅವನು ನಕ್ಷತ್ರಗಳ ಹೆಸರಿನ ಮೂರು ಸಣ್ಣ ತಪ್ಪುಗಳನ್ನು ತಿದ್ದಿ ಒಪ್ಪಿಗೆ ಪಡೆದಿದ್ದ. ನಾಲ್ಕನೆಯದು ದೊಡ್ಡದು. ಅದನ್ನು ಕಳುಹಿಸಿ ಇಂದಿಗೆ ನಾನೂರ ಹನ್ನೊಂದು ದಿನ.

"ಎದ್ದೇನೋ ವೆಂಕ್ಯಾ?" ಸೋದರತ್ತೆ ಭೀಮಾಬಾಯಿ ದೇವರ ಮನೆಯಿಂದಲೇ ಕೂಗಿದಳು. ಅಂದು ಏಕಾದಶಿ, ಒಲೆ ತಣ್ಣಗಿತ್ತು. "ನಾಳೆ ಪಾರಣಿಗೆ ಎಲಿ ಇಲ್ಲ ನೋಡು. ಪ್ಯಾಟ್ಯಾಗ ತರ್ತೀನಿ ಅಂದ್ರ ಹರಕು ಎಲಿ ತರ್ತೀ. ಹೋದ ಸಲ ಸಾರು ನನ್ನ ಎಲ್ಯಾಗಿಂದ ಹೊಂಟು ನಿನ್ನ ಎಲಿ ತನಕಾ ಯಾತ್ರಾ ಮಾಡಿತ್ತು."

"ಕಡ್ಡಿರಾಂಪುರಕ್ಕ ಹೋಗಿ ತರ್ತೀನಿ ಅತ್ಯಾ," ಎಂದ ವೆಂಕೋಬ. ಹೇಳಿದ ಮೇಲೆ ತನ್ನ ದನಿಯನ್ನು ತಾನೇ ಕೇಳಿ ಬೆಚ್ಚಿದ.

"ಎಲಿ ತರಲಿಕ್ಕೆ ಅಷ್ಟು ದೂರನ? ಕರಿಬೇವು ತಾ ಅಂದ್ರ ಮೂರು ದಿನ ಮಾಡಾಂವ! ಇವತ್ತೇನು ಸೂರ್ಯ ಪಶ್ಚಿಮಕ್ಕ ಹುಟ್ಯಾನೇನು? ಅದನ್ನೂ ನಿನ್ನ ಯಂತ್ರದಾಗ ನೋಡಿ ಹೇಳಪಾ."

ಆ ಕೊನೆಯ ಮಾತಿನಲ್ಲಿ ಹಳೆಯ ಗಾಯವಿತ್ತು. ಹೋದ ವರ್ಷ ಒಂದು ಏಕಾದಶಿಯ ದಿನ, ಫೋನಿನ ಪಂಚಾಂಗ ಮರುದಿನವೆಂದು ತೋರಿಸಿದ್ದನ್ನು ನಂಬಿ, ಭೀಮಾಬಾಯಿ ಒಗ್ಗರಣೆ ಹಾಕಿದ ಅವಲಕ್ಕಿ ತಿಂದಿದ್ದಳು. ಸಂಜೆ ಮಠದಲ್ಲಿ ವಿಷಯ ತಿಳಿದು ಬಂದು ಜಗಲಿಯ ಮೇಲೆ ಕುಳಿತಳು. ಅಳಲಿಲ್ಲ, "ಎಂಟು ವರ್ಷದಾಕಿ ಇದ್ದಾಗಿಂದ ಒಂದು ತಪ್ಪಿದ್ದಿಲ್ಲೋ," ಎಂದಳು ಅಷ್ಟೇ. ಅವಳಿಗೆ ಫೋನಿನಲ್ಲಿ ಆ ಪಂಚಾಂಗವನ್ನು ಹಾಕಿಕೊಟ್ಟವನು ವೆಂಕೋಬ. ಆ ರಾತ್ರಿಯಿಂದ ಅವನು ಹುಡುಕಿದ. ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮೊದಲು, ಅಂದರೆ ತೊಂಬತ್ತಾರು ನಿಮಿಷ ಮೊದಲು, ದಶಮಿಯ ಸೋಂಕು ಇನ್ನೂ ಉಳಿದಿದ್ದರೆ ಅಂದು ಉಪವಾಸವಿಲ್ಲ, ಮರುದಿನ, ಉಳಿದಿಲ್ಲದಿದ್ದರೆ ಅಂದೇ. ಇದು ಅವರ ಮನೆತನದ ನಿಯಮ. ತಂತ್ರಾಂಶ ಕೆಲವು ದಿನ ಇದನ್ನು ತಪ್ಪುತ್ತಿತ್ತು. ಯಾವ ಯಾವ ದಿನ ಎಂದು ಅವನು ಕೈಯಿಂದ ಲೆಕ್ಕ ಹಾಕಿದ. ಹದಿನಾಲ್ಕು ಊರು, ಮುಂದಿನ ನೂರು ವರ್ಷ. ತಪ್ಪುವ ದಿನಗಳು ಇನ್ನೂರ ಹನ್ನೆರಡು. ಆ ಇನ್ನೂರ ಹನ್ನೆರಡು ದಿನಗಳ ಪಟ್ಟಿಯನ್ನು, ಈ ದಿನ ಬಂದರೆ ಹೀಗೆ ಹೇಳು ಎಂದು ತಂತ್ರಾಂಶಕ್ಕೆ ಕಲಿಸುವ ಇನ್ನೂರ ಹನ್ನೆರಡು ಸಾಲುಗಳನ್ನಾಗಿ ಬರೆದು, 'ಘಟಿಕಾ ಅರವತ್ತು' ಎಂಬ ತನ್ನ ಅಡ್ಡಹೆಸರಿನಲ್ಲಿ ಕಳುಹಿಸಿದ. ಅಂದು ಮೊದಲ ಬಾರಿಗೆ ತಾನು ಸತ್ತ ಮೇಲೂ ಉಳಿಯುವ ಒಂದು ಕೆಲಸ ಮಾಡಿದೆನೆಂದು ಅವನಿಗೆ ಅನ್ನಿಸಿತ್ತು. ನೂರು ವರ್ಷ! ಮಕ್ಕಳಿಲ್ಲದವನಿಗೆ ಅದು ಸಣ್ಣ ಅಂಕಿಯಲ್ಲ.

ಯಾರೂ ನೋಡಲಿಲ್ಲ. ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಅಭಯ ಎಂಬಾತ—ಅವನ ಊರು ವೆಂಕೋಬನಿಗೆ ಇಂದಿಗೂ ಗೊತ್ತಿಲ್ಲ—ಮೊದಲ ವಾರ ಧನ್ಯವಾದ ಬರೆದ, ಬಿಡುವಾದಾಗ ನೋಡುವೆನೆಂದ. ಎಂಬತ್ತೊಂಬತ್ತು ದಿನ ಕಳೆದವು. ತೊಂಬತ್ತಾದರೆ ಯಂತ್ರ ಎಚ್ಚರಿಸುತ್ತದೆ. ಅದಕ್ಕೆ ಮುನ್ನ ಅಲ್ಲಿ ಕಾಯುವವರೆಲ್ಲ ಏನಾದರೊಂದು ಪದ ಬರೆದು ದಿನದ ಎಣಿಕೆಯನ್ನು ಮತ್ತೆ ಸೊನ್ನೆಗೆ ತರುವುದು ವಾಡಿಕೆ. ಅವನೂ ಬರೆದ: 'ಇನ್ನೂ ಬೇಕಾಗಿದೆ.' ಮತ್ತೆ ಎಂಬತ್ತೊಂಬತ್ತು ದಿನ. 'ಇನ್ನೂ ಬೇಕಾಗಿದೆ.' ಹೀಗೆ ನಾಲ್ಕು ಸಲ. ಪ್ರತಿ ಸಲ ಬರೆಯುವಾಗಲೂ, ಸರ್ಕಾರಿ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು ಒಣ ಕೆಮ್ಮು ಕೆಮ್ಮುವವನ ಚಿತ್ರ ಕಣ್ಣೆದುರು ಬರುತ್ತಿತ್ತು. ಬೆಳಗಿನ ಬಸ್ಸಿನಲ್ಲಿ ಸಂಡೂರಿಗೆ ಹೋಗುವಾಗ, ಕೆಂಪು ಧೂಳು ಕೂತ ಕಿಟಕಿಯ ಹತ್ತಿರ ಕುಳಿತು ಅವನು ದಿನಕ್ಕೊಂದು ಸಲ ಆ ಪುಟ ತೆರೆದು ನೋಡುತ್ತಿದ್ದ. ಪಕ್ಕದಲ್ಲಿ ಕುಳಿತ ಸಹಾಯಕ ಪಕ್ಕೀರಪ್ಪ, "ಯಾರದ್ರೀ ಸಾಹೇಬ್ರ, ದಿನಾ ಅಷ್ಟ್ ಕಾದು ನೋಡ್ತೀರಿ? ಕನ್ಯಾ ಏನಾರ ಗೊತ್ತಾತೇನ್ರಿ?" ಎಂದು ಕಣ್ಣು ಮಿಟುಕಿಸಿದ್ದ. ವೆಂಕೋಬ ಆವತ್ತಿನಿಂದ ಫೋನನ್ನು ಎದೆಗೆ ವಾಲಿಸಿ ಹಿಡಿದು ನೋಡುತ್ತಿದ್ದ.

ನೂರು ದಿನಗಳ ಹಿಂದೆ ಅಭಯನಿಂದ ಪತ್ರ ಬಂತು. ಆದರೆ ಪತ್ರ ಅವನ ತಿದ್ದುಪಡಿಯ ಬಗ್ಗೆ ಅಲ್ಲ. ಅದೇ ತಪ್ಪಿಗೆ ಇನ್ನೊಬ್ಬರು ಬೇರೊಂದು ಪರಿಹಾರ ಕಳುಹಿಸಿದ್ದಾರೆ. ಆ ಭಾಗದ ಆಚರಣೆ ತನಗೆ ತಿಳಿಯದು, ನಿಮ್ಮನ್ನು ಬಿಟ್ಟರೆ ಅಲ್ಲಿಯವರು ಯಾರೂ ಇಲ್ಲ. ದಯವಿಟ್ಟು ಪರಿಶೀಲಿಸಿ, ನೀವು ಒಪ್ಪಿದರೆ ಅದನ್ನೇ ಸೇರಿಸುವೆ, ಇಲ್ಲವೆಂದರೆ ನಿಮ್ಮದಕ್ಕೆ ಬೇರೆ ಯಾರನ್ನಾದರೂ ಹುಡುಕುವೆ—ಇಷ್ಟು. ಕೆಳಗೆ ಹೆಸರು: ಪಲ್ಲವಿ ಹುಸೇನಪ್ಪ, ಕಡ್ಡಿರಾಂಪುರ. ವೆಂಕೋಬ ತೆರೆದು ನೋಡಿದ. ಏಳು ಸಾಲು. ಅದರಲ್ಲೂ ಎರಡು ಅಳಿಸಿದವು. ತಂತ್ರಾಂಶ ಗಳಿಗೆಯ ಭಿನ್ನವನ್ನು ಮೊದಲೇ ಬಿಟ್ಟು ಪೂರ್ಣಾಂಕ ಮಾಡಿಕೊಂಡು ಆಮೇಲೆ ಹೋಲಿಸುತ್ತಿತ್ತು. ಭಿನ್ನವನ್ನು ಕೊನೆಯವರೆಗೆ ಉಳಿಸಿಕೊಂಡು ಹೋಲಿಸು ಎನ್ನುತ್ತಿದ್ದವು ಅವಳ ಸಾಲುಗಳು. ಹದಿನಾಲ್ಕು ಊರಿಗಲ್ಲ, ಎಲ್ಲ ಊರಿಗೂ. ನೂರು ವರ್ಷಕ್ಕಲ್ಲ, ಎಲ್ಲ ವರ್ಷಕ್ಕೂ. ಗಣಿಯಲ್ಲಿ ಗುಡ್ಡದ ಒಂದೊಂದು ಮೆಟ್ಟಿಲ ಘನ ಅಳತೆ ಬರೆಯುವಾಗ, "ಭಿನ್ನ ಬಿಡಬ್ಯಾಡ್ರಲೇ, ರೌಂಡ್ ಮಾಡೋದು ಕಡೀಗೆ," ಎಂದು ಇಪ್ಪತ್ತೆರಡು ವರ್ಷದಿಂದ ಹುಡುಗರಿಗೆ ಬೈಯುತ್ತ ಬಂದವನು ತಾನು. ಅಷ್ಟು ಹತ್ತಿರವಿದ್ದದ್ದು ತನ್ನ ಕಣ್ಣಿಗೆ ಬೀಳಲಿಲ್ಲ. ರೋಗಕ್ಕೆ ಮದ್ದು ಕೊಡುವ ಬದಲು ಮುಂದೆ ಸಾಯಲಿರುವವರ ಹೆಸರುಗಳನ್ನು ಅಂದವಾಗಿ ಪಟ್ಟಿ ಮಾಡಿದ್ದ.

ಆಗ ಅವನು ಒಂದು ಪ್ರಶ್ನೆ ಬರೆದ: 'ಈ ನಿಯಮ ನಿಮಗೆ ಎಲ್ಲಿ ತಿಳಿಯಿತು?' ಎರಡು ನಿಮಿಷದಲ್ಲಿ ಉತ್ತರ ಬಂತು: 'ಮನೆಯಲ್ಲಿ.' ಅವನು ಆ ಒಂದು ಪದವನ್ನು ಬಹಳ ಹೊತ್ತು ನೋಡಿದ. ಹುಸೇನಪ್ಪ ಎಂಬ ಅಪ್ಪನಿರುವ, ಕಡ್ಡಿರಾಂಪುರದ ಮನೆಯಲ್ಲಿ? ಸುಳ್ಳು ಎಂದುಕೊಂಡ. ಆಮೇಲೆ, ಸುಳ್ಳಾದರೆ ನನಗೇನು, ಲೆಕ್ಕ ಸರಿಯಿದೆಯಲ್ಲ ಎಂದುಕೊಂಡ. ಆಮೇಲೆ, ತಾನು ಕಾಶಿಯವನಿಗೋ ಉಡುಪಿಯವನಿಗೋ ಈ ಪ್ರಶ್ನೆ ಕೇಳುತ್ತಿದ್ದೆನೇ ಎಂದುಕೊಂಡ. ಅಲ್ಲಿಗೆ ಯೋಚನೆ ನಿಲ್ಲಿಸಿ ಫೋನು ಮಗುಚಿ ಇಟ್ಟ. ಅದು ತೊಂಬತ್ತೇಳು ದಿನಗಳ ಹಿಂದಿನ ಮಾತು. ಆಮೇಲೆ ಅವನು ಏನನ್ನೂ ಬರೆದಿರಲಿಲ್ಲ. ನಾಳೆ ಬರೆಯುವೆ ಎಂದು ದಿನವೂ ಅಂದುಕೊಂಡದ್ದರಿಂದ, ತಾನು ಅಡ್ಡಗಾಲು ಹಾಕಿದ್ದೇನೆಂದು ಯಾವ ಒಂದು ದಿನವೂ ಅನ್ನಿಸಿರಲಿಲ್ಲ. ಒಂದೊಂದು ದಿನದ ತಪ್ಪು ಭಿನ್ನದಷ್ಟು ಸಣ್ಣದು, ಬಿಟ್ಟುಬಿಡಬಹುದಾದದ್ದು.

ಸ್ಕೂಟರ್ ಅನಂತಶಯನಗುಡಿ ದಾಟಿದಾಗ ಬಿಸಿಲು ಬಲಿತಿತ್ತು. ಎಲೆ ಹೊಸಪೇಟೆಯ ಸಂತೆಯಲ್ಲೂ ಸಿಗುತ್ತದೆಂದು ಅವನಿಗೆ ಗೊತ್ತಿತ್ತು. ಅವಳ ಮುಖ ನೋಡಬೇಕಾಗಿತ್ತು, ಅಷ್ಟೇ. ನೋಡಿ ಏನು ಮಾಡುವುದೆಂದು ಗೊತ್ತಿರಲಿಲ್ಲ. ಮುಖದಲ್ಲಿ ಒಂದಿಷ್ಟು ಸೊಕ್ಕು ಕಂಡರೆ ಸುಮ್ಮನಿರುವುದು ಸುಲಭವಾದೀತು ಎಂಬ ಆಸೆ ಎಲ್ಲೋ ಇದ್ದಿರಬೇಕು. ರಸ್ತೆಯ ಎರಡೂ ಕಡೆ ಬಾಳೆಯ ತೋಟ. ಹಂಪಿಗೆ ಹೋಗುವ ಬಸ್ಸುಗಳು ಗಾಳಿ ಎಬ್ಬಿಸಿದಾಗ ಎಲೆಗಳು ಹೊರಳಿ ಬೆನ್ನು ತೋರಿಸುತ್ತಿದ್ದವು. ಊರೊಳಗೆ ಕೇಳಿದಾಗ, ಕರೆಮ್ಮನ ಹೋಟೆಲ್ಲಿನಲ್ಲಿ ಎಲೆ ಸಿಗುತ್ತದೆ, ಅದೇ ಹುಸೇನಪ್ಪನ ಹೆಂಡತಿ ಎಂದರು. ತಗಡಿನ ಚಪ್ಪರ, ಮಿರ್ಚಿಯ ಬಾಣಲೆ, ಎರಡು ಬೆಂಚು, ಗೋಡೆಗೆ ಬುದ್ಧನ ಚಿತ್ರದ ಕ್ಯಾಲೆಂಡರು. ಮೂಲೆಯಲ್ಲಿ ಒದ್ದೆ ಗೋಣಿಯ ಕೆಳಗೆ ಬಾಳೆಲೆಯ ಕಟ್ಟುಗಳು.

"ಬರ್ರಿ ಯಪ್ಪಾ, ಕುಂದ್ರಿ. ಚಾ ಹಾಕ್ಲೇನ್ರಿ?" ಎಂದಳು ಬಾಣಲೆಯ ಮುಂದಿದ್ದ ಐವತ್ತರ ಹೆಂಗಸು. ಅವಳೇ ಕರೆಮ್ಮ.

"ಚಾ ಬ್ಯಾಡ್ರಿ. ಇವತ್ತು ಏಕಾದಶಿ," ಎಂದ ವೆಂಕೋಬ. ಹೇಳಿದ ಕೂಡಲೆ ನಾಚಿಕೆಯಾಯಿತು. ಗಣಿಯ ಕ್ಯಾಂಟೀನಿನಲ್ಲಿ ಅವನು ಎಷ್ಟೋ ಏಕಾದಶಿಗೆ ಚಹಾ ಕುಡಿದಿದ್ದ. ಇಲ್ಲಿ ಬೇಡವೆಂದದ್ದು ಏಕಾದಶಿಯೋ, ಬೇರೆ ಏನೋ? ಉತ್ತರ ತಿಳಿದಿದ್ದರೆ ಒಳ್ಳೆಯದಿತ್ತು, ಕೆಟ್ಟದಾದರೂ ಸರಿ. ಅದು ಅವನಿಗೇ ತಿಳಿಯಲಿಲ್ಲ.

"ಗೊತ್ತದ್ರೀ ಏಕಾಸಿ. ಅದಕ್ಕಽ ಕೇಳ್ದೆ, ಕೆಲವ್ರು ಚಾ ಕುಡೀತಾರ, ಕೆಲವ್ರು ನೀರೂ ಮುಟ್ಟಂಗಿಲ್ಲ. ನಾಳಿ ಪಾರಣಿಗೆ ಎಲಿ ಬೇಕೇನ್ರಿ? ಎಷ್ಟು?"

"ಹತ್ತು. ನಿಮಗ ಹೆಂಗ ಗೊತ್ತು ಪಾರಣಿ ಅಂತ?"

ಕರೆಮ್ಮ ನಕ್ಕಳು. "ಅಯ್ಯ, ಇಪ್ಪತ್ತು ವರ್ಷಾತ್ರಿ ಎಲಿ ಕೊಯ್ಯಾಕತ್ತಿ. ಏಕಾಸಿ ದಿನ ಕೊಯ್ದು ಗೋಣಿ ಹೊಚ್ಚಬೇಕು, ಮರುದಿನ ನಸಿಕ್ಲೆ ಮಠದೋರು ಬರ್ತಾರ. ಒಂದಿನ ಮುಂಚೆ ಕೊಯ್ದ್ರ ಸುರುಳಿ ಸುತ್ಕಂತಾವು, ಒಂದಿನ ತಡಾ ಆದ್ರ ಯಾರೂ ಕೇಳಂಗಿಲ್ಲ. ನಿಮ್ಮ ಉಪಾಸ ನಿಮಗ, ಅದರ ಲೆಕ್ಕ ನಮಗ! ಹ್ವಾದ ವರ್ಷ ಫೋನಿನಾಗ ದಿನ ತಪ್ಪು ಬಂದು, ಕೊಯ್ದ ಎಲಿ ಅಷ್ಟೂ ಆಕಳಿಗೆ ಹಾಕಿದ್ವಿ. ಆಕಳಾರ ಎಷ್ಟ್ ತಿಂತಾವ್ರಿ? ಎರಡ ದಿನ ನಮ್ಮನ್ನ ಕಂಡ್ರ ಮಕ ತಿರಿಗಿಸ್ತಿದ್ವು. ಅವತ್ತು ಹಠ ಹಿಡದ್ಲು ನಮ್ಮ ಹುಡುಗಿ. ಎಲಿ ಒಯ್ಯಾಕ ಬಂದ ಆಚಾರ್ರನ್ನ ಬಾಗಿಲಾಗ ನಿಲ್ಲಿಸ್ಕಂಡು, ನಾಕು ಗಳಿಗಿ ಅಂದ್ರೇನು, ಸೋಂಕು ಅಂದ್ರೇನು, ಕೇಳಿ ಕೇಳಿ ಅವರ ತೆಲಿ ತಿಂದು ಬಿಟ್ಳು. ಲೇ ಪಲ್ಲವೀ, ಹತ್ತೆಲಿ ಕಟ್ಟವ್ವ."

ಮನೆಯಲ್ಲಿ. ವೆಂಕೋಬ ಬೆಂಚಿನ ಮೇಲೆ ಕುಳಿತ. ಅದೇ ದಿನ, ಅದೇ ತಪ್ಪು. ಹತ್ತು ಕಿಲೋಮೀಟರಿನ ಆ ತುದಿಯಲ್ಲಿ ಒಬ್ಬಾಕೆ ಅವಲಕ್ಕಿ ತಿಂದು ಜಗಲಿಯ ಮೇಲೆ ಕುಳಿತಿದ್ದಳು. ಈ ತುದಿಯಲ್ಲಿ ಒಬ್ಬಾಕೆ ಬಾಡಿದ ಎಲೆಗಳನ್ನು ಆಕಳ ಮುಂದೆ ಸುರಿಯುತ್ತಿದ್ದಳು. ಲೆಕ್ಕ ಎರಡು ಮನೆಯದೂ ಒಂದೇ ಆಗಿತ್ತು. ಅದು ತನ್ನ ಮನೆಯದು ಮಾತ್ರವೆಂದು ಅವನು ತಿಳಿದಿದ್ದ.

ಒಳಗಿನಿಂದ ಬಂದ ಇಪ್ಪತ್ತಮೂರರ ಹುಡುಗಿ ಅವನನ್ನು ನೋಡಿ ನಿಂತಳು. "ಸರ್! ವೆಂಕೋಬ ಸರ್ ಅಲ್ಲೇನ್ರಿ? ಮೈನ್ಸ್ ಸರ್ವೇದೋರು. ನಮ್ಮ ಪಾಲಿಟೆಕ್ನಿಕ್‌ಗೆ ಬಂದು ಓಪನ್ ಸೋರ್ಸ್ ಬಗ್ಗೆ ಮಾತಾಡಿದ್ರಿ."

ಅವನಿಗೆ ನೆನಪಾಯಿತು. ಎರಡು ವರ್ಷದ ಹಿಂದೆ, ಅರ್ಧ ಖಾಲಿ ಇದ್ದ ಸಭಾಂಗಣ, ಕೈಕೊಟ್ಟ ಮೈಕು. ತಪ್ಪು ಕಂಡರೆ ತಿದ್ದಿ ಕಳುಹಿಸಿ, ಅಲ್ಲಿ ನಿಮ್ಮ ಊರು ಕೇರಿ ಯಾರೂ ಕೇಳುವುದಿಲ್ಲ, ಕೆಲಸ ಮಾತ್ರ ನೋಡುತ್ತಾರೆ ಎಂದು ಹೇಳಿದ್ದ. ಚಪ್ಪಾಳೆಯೂ ಬಿದ್ದಿತ್ತು.

"ಈಗ ಏನು ಮಾಡ್ತೀರಿ?" ಎಂದು ಕೇಳಿದ.

"ಕಂಪ್ಲಿಯಾಗ ಅಕ್ಕಿ ಗಿರಣ್ಯಾಗ ಕಂಪ್ಯೂಟರ್ ನೋಡ್ಕಂತೀನಿ ಸರ್. ಐತವಾರ ಇಲ್ಲಿ ಮಿರ್ಚಿ." ಎಲೆಗಳನ್ನು ಒಂದರೊಳಗೊಂದು ಸುತ್ತುತ್ತ ಕೆಳಗೆ ಕುಳಿತಳು. "ನೀವು ಹೇಳ್ದಂಗ ಒಂದು ಪ್ಯಾಚ್ ಕಳಿಸಿದ್ದೆ ಸರ್. ನಾಕು ತಿಂಗಳಾತು. ಇವತ್ತು ಸಂಜಿಕ ಮುಚ್ಚಿ ಹೋಗ್ತದ."

"ಒಂದು ಮಾತು ಬರದ್ರ ಮತ್ತ ತೊಂಬತ್ತು ದಿನ ಇರ್ತದಲ್ಲ," ಎಂದ ಅವನು. ಆಡಿದ ಮೇಲೆ, ತಾನು ಇಷ್ಟು ತಿಳಿದವನಂತೆ ಮಾತಾಡಬಾರದಿತ್ತೆಂದು ಹೊಳೆಯಿತು. ಅವಳು ಗಮನಿಸಲಿಲ್ಲ.

"ಗೊತ್ತದ್ರಿ. ಬೇಕಂತಽ ಬರೀಲಿಲ್ಲ. ಅಲ್ಲಿ ಒಬ್ರು ಅದಾರ ಸರ್, ಘಟಿಕಾ ಅರವತ್ತು ಅಂತ. ಅವರು ಇದಽ ತಪ್ಪಿಗೆ ನನಗಿಂತ ಮುಂಚೆ ಕಳಿಸ್ಯಾರ, ಹದಿಮೂರು ತಿಂಗಳ ಮ್ಯಾಲಾತು. ಇನ್ನೂರ ಹನ್ನೆರಡು ದಿನ ಸರ್, ಒಂದೊಂದೂ ಕೈಲೆ ಲೆಕ್ಕ ಹಾಕ್ಯಾರ. ಪಾಪ, ಯಾರೋ ಭಾಳ ವಯಸ್ಸಾದೋರು ಇರಬೇಕು. ಯಾರೂ ನೋಡಿಲ್ಲ ಅದನ್ನ. ನಾನು ದಿನಾ ಗಿರಣ್ಯಾಗ ಊಟಕ್ಕ ಬಿಟ್ಟಾಗ ಎರಡೆರಡು ತಗಂಡು ನೋಡ್ದೆ. ಎಲ್ಲಾ ನೋಡಿ ಮುಗಿಸ್ದೆ."

"ಎಲ್ಲಾ?"

"ಎಲ್ಲಾ. ಒಂದೂ ತಪ್ಪಿಲ್ಲ ಸರ್."

ನಾನೂರ ಹನ್ನೊಂದು ದಿನ ಕಾದದ್ದು ಈ ಮಾತಿಗೆ. ಅದು ಬಂದದ್ದು ಹೀಗೆ, ಒದ್ದೆ ಗೋಣಿಯ ಪಕ್ಕದಲ್ಲಿ, ಎಣ್ಣೆ ಚುರುಗುಟ್ಟುವ ಸದ್ದಿನಲ್ಲಿ, ಅದು ಅವನದೆಂದು ತಿಳಿಯದವಳ ಬಾಯಿಂದ. "ಹಂಗಂತ ಅಲ್ಲೇ ಬರೀಬೇಕಿತ್ತು," ಎಂದ.

"ನಂದು ಒಂದೂ ಒಪ್ಪಿಗೆ ಆಗಿಲ್ಲಲ್ರಿ. ಒಂದಾರ ಆದೋರು ಮಾತ್ರ ಇನ್ನೊಬ್ರದು ನೋಡಬಹುದು. ಮತ್ತ ನಂದು ಒಳಗ ಹೋದ್ರ ಅವರದು ಬ್ಯಾಡ ಆಗ್ತದ. ಹದಿಮೂರು ತಿಂಗಳು ಕಾದೋರು. ಉಣ್ಣಾಕ ಕುಂತೋರ ಮುಂದಿನ ಎಲಿ ಎಳದಂಗ ಆಗ್ತದ ಅನಿಸ್ತು, ಸುಮ್ಮನಾದೆ." ದಾರದ ತುದಿಯನ್ನು ಹಲ್ಲಿನಿಂದ ಕಡಿದಳು. "ನಂದು ನೋಡಬೇಕಾದೋರೂ ಅವರಽ. ಒಂದಽ ಮಾತು ಕೇಳಿದ್ರು ನೋಡ್ರಿ, ಈ ನಿಯಮ ಎಲ್ಲಿ ತಿಳೀತು ಅಂತ. ಮನಿಯಾಗ ಅಂತ ಬರದೆ. ಆಮ್ಯಾಲೆ ಮಾತಽ ಇಲ್ಲ. ಹೆಸರು ನೋಡಿ ಕೇಳಿದ್ರೋ ಏನೋ. ಬಿಡ್ರಿ ಸರ್, ರೂಢಿ ಅದ."

ವೆಂಕೋಬ ಬಾಯಿ ತೆರೆದ. ನಾನೇ ಎನ್ನಬೇಕು, ಎರಡೇ ಅಕ್ಷರ. ಅಷ್ಟರಲ್ಲಿ ಹಂಪಿಯಿಂದ ಮರಳುತ್ತಿದ್ದ ಪ್ರವಾಸಿಗರ ಟೆಂಪೊ ಬಂದು ನಿಂತಿತು, ಹತ್ತು ಹನ್ನೆರಡು ಮಂದಿ ಒಟ್ಟಿಗೆ ಇಳಿದು ಮಿರ್ಚಿ ಕೇಳಿದರು, ಕರೆಮ್ಮ "ಲೇ ಬಾರಲೇ ಜಲ್ದಿ!" ಎಂದು ಕೂಗಿದಳು. ಪಲ್ಲವಿ ಎಲೆಯ ಕಟ್ಟನ್ನು ಅವನ ಕೈಗಿಟ್ಟು ಎದ್ದಳು. ಜನ ಬಂದದ್ದಕ್ಕೆ ಅವನಿಗೆ ಸಮಾಧಾನವಾಯಿತು. ಆ ಸಮಾಧಾನವನ್ನು ಅವನು ಸ್ಪಷ್ಟವಾಗಿ ಕಂಡ; ಬಾಣಲೆಯಲ್ಲಿ ತೇಲಿ ಮೇಲೆ ಬಂದ ವಸ್ತುವಿನಷ್ಟು ಸ್ಪಷ್ಟವಾಗಿ.

ಮನೆಗೆ ಬಂದಾಗ ಎರಡು ಗಂಟೆ. ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕುಳಿತ. ಒಪ್ಪುವ ಮೊದಲು ನೋಡಬೇಕಾದದ್ದು ನ್ಯಾಯ, ನೋಡತೊಡಗಿದ. ಮೂರನೆಯ ಸಾಲಿನಲ್ಲಿ ಒಂದು ಹೆಸರು ಇನ್ನೂ ಚಿಕ್ಕದಾಗಬಹುದಿತ್ತು, ಬರೆದ. ಐದನೆಯ ಸಾಲಿಗೆ ವಿವರಣೆ ಬೇಕಿತ್ತು, ಬರೆದ. ದಕ್ಷಿಣ ಗೋಳಾರ್ಧದ ಊರುಗಳಲ್ಲಿ ಪರೀಕ್ಷಿಸಿದ್ದೀರಾ ಎಂದು ಕೇಳಿದ. ಅದೂ ಸರಿಯಾದ ಪ್ರಶ್ನೆಯೇ. ನಾಲ್ಕು ಗಂಟೆಗೆ ಎಣಿಸಿದಾಗ ಏಳು ಸಾಲುಗಳ ಮೇಲೆ ಇಪ್ಪತ್ತಮೂರು ಟಿಪ್ಪಣಿಗಳಾಗಿದ್ದವು. ಒಂದೊಂದನ್ನೂ ಮತ್ತೆ ಓದಿದ. ಒಂದೊಂದೂ ಸರಿ, ಮೊತ್ತ ಮಾತ್ರ ಸುಳ್ಳು. ಇವನ್ನು ಕಳುಹಿಸಿದರೆ ಮುಚ್ಚುವ ಗಡುವು ಮುಂದೆ ಹೋಗುತ್ತದೆ, ತಾನು ತಡೆದೆನೆಂದು ಯಾರೂ ಹೇಳುವಂತಿಲ್ಲ; ಅವಳು ಊಟದ ಬಿಡುವಿನಲ್ಲಿ ಎರಡೆರಡರಂತೆ ಉತ್ತರಿಸುತ್ತ ಇನ್ನೆಷ್ಟು ತಿಂಗಳು ಕಾದಾಳು! ಶ್ರದ್ಧೆಯ ವೇಷದಲ್ಲಿ ಬಂದ ಈ ದ್ರೋಹ ಮೌನಕ್ಕಿಂತ ಚೆನ್ನಾಗಿ ತಡೆಯಬಲ್ಲದು ಎಂದು ಅವನಿಗೆ ತಿಳಿಯಿತು. ಒಂದೊಂದಾಗಿ ಅಳಿಸಿದ. ಇಪ್ಪತ್ತಮೂರನ್ನು ಅಳಿಸಲು, ಬರೆಯುವುದಕ್ಕೆ ಬೇಕಾದಷ್ಟೇ ಹೊತ್ತು ಹಿಡಿಯಿತೆಂದು ಅವನಿಗೆ ಅನ್ನಿಸಿತು. ಗಡಿಯಾರ ನೋಡಿದರೆ ಆರು ನಿಮಿಷವಾಗಿತ್ತು.

ಉಳಿದದ್ದು ಹೆಸರು. ಬೆಳಿಗ್ಗೆ ಒಪ್ಪಿದ್ದರೆ ವೆಂಕೋಬ ರಾವ್ ಎಂಬುದು ಅವಳಿಗೆ ಎಂದೋ ಕೇಳಿದ, ದೂರದ ಒಂದು ಹೆಸರಷ್ಟೇ ಆಗುತ್ತಿತ್ತು. ಈಗ ಅದಕ್ಕೆ ಮುಖ ಬಂದಿದೆ; ಅವಳ ಬೆಂಚಿನ ಮೇಲೆ ಕುಳಿತು, ಚಹಾ ಬೇಡವೆಂದು, 'ಪಾಪ' ಎನ್ನಿಸಿಕೊಂಡು, ತನ್ನ ವಿಷಯವನ್ನೇ ಬೇರೆ ಯಾರದೋ ಎಂಬಂತೆ ಕೇಳಿ ಎದ್ದುಹೋದ ಮುಖ. ಮುಖ ನೋಡಲೆಂದು ಹೋದವನು ತನ್ನ ಮುಖವನ್ನು ಅಲ್ಲಿ ಕೊಟ್ಟು ಬಂದಿದ್ದ. ಅಡ್ಡಹೆಸರನ್ನು ಬರೆದು ನೋಡಿದ, ಯಂತ್ರ ಒಪ್ಪಲಿಲ್ಲ. ಹೆಸರು ಬರೆದು ಊರು ಬಿಟ್ಟು ನೋಡಿದ, ಒಪ್ಪಲಿಲ್ಲ. ಐದು ಗಂಟೆ ಹನ್ನೊಂದು ನಿಮಿಷ. ಕೆಳಗೆ ಅತ್ತೆ ಮಠಕ್ಕೆ ಹೊರಟವಳು ಬಾಗಿಲ ಚಿಲಕ ಎಳೆದುಕೊಂಡ ಸದ್ದು ಕೇಳಿತು. ಮನೆಯಲ್ಲಿ ಇನ್ನು ಯಾರೂ ಇಲ್ಲ ಎಂದುಕೊಂಡ, ಯಾರಾದರೂ ಇದ್ದಿದ್ದರೆ ಏನಾಗುತ್ತಿತ್ತೆಂದು ಕೇಳಿಕೊಂಡ, ಏನೂ ಆಗುತ್ತಿರಲಿಲ್ಲ. ಐದು ಗಂಟೆ ಹತ್ತೊಂಬತ್ತಕ್ಕೆ ಬರೆದ: 'ಪರಿಶೀಲಿಸಿ ಒಪ್ಪಿದ್ದೇನೆ. ಏಳು ಸಾಲುಗಳೂ ಸರಿ. ತೊಂಬತ್ತೇಳು ದಿನಗಳ ತಡ ನನ್ನದು. ಅದಕ್ಕೆ ಕೆಲಸದಲ್ಲಿ ಕಾರಣವಿರಲಿಲ್ಲ. ವೆಂಕೋಬ ರಾವ್, ಹೊಸಪೇಟೆ.' ಒತ್ತಿದ.

ನಾಲ್ಕು ನಿಮಿಷಗಳಲ್ಲಿ ಅಭಯ ಅದನ್ನು ಸೇರಿಸಿದ. ಇಷ್ಟು ದಿನ ಅವನೂ ಇಲ್ಲಿಯೇ ಇದ್ದ, ವೆಂಕೋಬನ ಮಾತಿಗೇ ಕಾಯುತ್ತಿದ್ದ. ವೆಂಕೋಬನ ಪಟ್ಟಿಯ ಪಕ್ಕದಲ್ಲಿ ಕೆಂಪು ಗುರುತು ಮೂಡಿತು: ಇದು ಇನ್ನು ಹೊಂದುವುದಿಲ್ಲ. ಯಂತ್ರ ಮುಚ್ಚಲೆಂದು ಬಿಡದೆ ಅದನ್ನು ತಾನೇ ಮುಚ್ಚಿದ. ಕಾರಣವನ್ನು ಕೇಳುವ ಖಾನೆಯನ್ನು ಖಾಲಿ ಬಿಟ್ಟ. ನೂರು ವರ್ಷ ಒಂದು ಗುಂಡಿಯ ಕೆಳಗೆ ಸದ್ದಿಲ್ಲದೆ ಹೋಯಿತು. ಆಮೇಲೆ ಕೂತೇ ಇದ್ದ. ಅವಳು ಓದಿದಳೋ ಇಲ್ಲವೋ ತಿಳಿಯುವ ಗುರುತು ಆ ತಾಣದಲ್ಲಿ ಇಲ್ಲ. ಐದೂವರೆ ಆಯಿತು, ಆರಾಯಿತು. ಈಗ ಟೆಂಪೊಗಳು ಕಡಿಮೆಯಾಗಿರಬೇಕು, ಬಾಣಲೆ ಇಳಿಸಿರಬೇಕು, ಕೈ ಒರೆಸಿಕೊಂಡು ಫೋನು ತೆರೆದಿರಬೇಕು. ಬೈಗುಳ ಬರಬಹುದು. ಬಂದರೆ ಒಳ್ಳೆಯದು ಎನ್ನಿಸಿತು. ಬೈಯುವುದಕ್ಕಾದರೂ ಮನುಷ್ಯ ಎದುರಿಗಿರಬೇಕಾಗುತ್ತದೆ.

ಆರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಒಂದು ಸಾಲು ಬಂತು. ಅವಳ ತಿದ್ದುಪಡಿಯ ಕೆಳಗಲ್ಲ; ಅವನು ಮುಚ್ಚಿದ ಪಟ್ಟಿಯ ಕೆಳಗೆ. ಒಪ್ಪಿಗೆ ಪಡೆದು ಇನ್ನೊಬ್ಬರದನ್ನು ನೋಡುವ ಹಕ್ಕು ಬಂದ ಮೇಲೆ ಅವಳು ಮೊದಲು ಬರೆದದ್ದು ಅದು: 'ಇನ್ನೂರ ಹನ್ನೆರಡನ್ನೂ ಪರಿಶೀಲಿಸಿದ್ದೇನೆ. ತಪ್ಪಿಲ್ಲ. ಪಲ್ಲವಿ ಹುಸೇನಪ್ಪ, ಕಡ್ಡಿರಾಂಪುರ.' ಸರ್ ಎಂಬ ಪದ ಇರಲಿಲ್ಲ. ಮಧ್ಯಾಹ್ನದ ಬಗ್ಗೆ ಏನೂ ಇರಲಿಲ್ಲ. ಅವನು ಆ ಸಾಲನ್ನು ಮೊದಲಿನಿಂದ ಕೊನೆಗೂ ಕೊನೆಯಿಂದ ಮೊದಲಿಗೂ ಓದಿದ. ಸಿಟ್ಟಿಗಾಗಿ ಹುಡುಕಿದ, ಕ್ಷಮೆಗಾಗಿ ಹುಡುಕಿದ. ಕೆಲಸವನ್ನು ಮಾತ್ರ ನೋಡಲಾಗಿತ್ತು.